ಸುತ್ತ ಸಮುದ್ರ, ಕುಡಿಯೋ ನೀರಿಗೆ ಬರ

ಹೋದ ಬೇಸಿಗೆಯಲ್ಲಿ ಹಿರಿಯೂರು ಕಡೆಯ ಒಂದು ತೋಟಕ್ಕೆ ಬೋರ್ ಪಾಯಿಂಟ್ ಮಾಡಲು ಹೋಗಿದ್ದೆ. ಮೂರು ಬೋರು ಆಗಲೇ ಬತ್ತಿದ್ದವು. ನೆರಳಲ್ಲಿ ಕೂತು ಮಾತಾಡುವಾಗ, ಪೆಸಿಫಿಕ್ ಸಮುದ್ರದ ಟುವಾಲು ದೇಶದಲ್ಲಿ 2011ರಲ್ಲಿ ನೀರಿಲ್ಲದೆ ತುರ್ತು ಪರಿಸ್ಥಿತಿ ಘೋಷಿಸಿದ್ದರು ಅಂದೆ. ತೋಟದ ಯಜಮಾನರು ನಂಬಲಿಲ್ಲ. "ಸುತ್ತ ಸಮುದ್ರ ಇಟ್ಕಂಡು ನೀರಿಗೆ ಬರ ಅಂದ್ರೆ ಹೆಂಗೆ ಸಾರ್?" ಅಂದರು.

ಅಂತರ್ಜಲದ ಕೆಲಸ ಮಾಡುವ ನನಗೆ ಇದು ಬಹಳ ಇಷ್ಟದ ಪ್ರಶ್ನೆ. ಟುವಾಲುವಿನಂಥ ಹವಳದ ದ್ವೀಪಗಳಲ್ಲಿ ಹೊಳೆ ಇಲ್ಲ. ಬಿದ್ದ ಮಳೆ ಮರಳೊಳಗೆ ಇಳಿದು, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ತೇಲುತ್ತಾ ನಿಲ್ಲುತ್ತದೆ. ಸಿಹಿನೀರು ಹಗುರ, ಅದಕ್ಕೆ. ಲೆಕ್ಕದ ಪ್ರಕಾರ ಸಮುದ್ರದ ಮಟ್ಟಕ್ಕಿಂತ ಒಂದು ಗೇಣು ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಗೇಣು ಇರುತ್ತದೆ, ಆದರೆ ಸಣ್ಣ ದ್ವೀಪದಲ್ಲಿ ಎರಡೂ ನೀರು ಬೆರೆಯುವುದರಿಂದ ಅಷ್ಟು ದಪ್ಪ ಸಿಗುವುದಿಲ್ಲ. ಅಲ್ಲಿ ನಮ್ಮ ಹಾಗೆ ಮೋಟ್ರು ಇಳಿಸಿ ಎಳೆದರೆ ಉಪ್ಪು ಮೇಲೆ ಬರುತ್ತದೆ.

ಟುವಾಲುವಿನ ಹಾಗೇ ಹವಳದ ದ್ವೀಪಗಳ ದೇಶವಾದ ಕಿರಿಬಾಟಿಯ ಜನಕ್ಕೆ ಇದು ಯಾವ ಯಂತ್ರವೂ ಇಲ್ಲದೆ ಗೊತ್ತಿತ್ತು. ನೀರು ಸಿಗುವ ತನಕ ಗುಂಡಿ ತೋಡಿ, ಅದರ ತಳದ ಕೆಸರಿನಲ್ಲಿ ಕೆಸವಿನ ಜಾತಿಯ ದೊಡ್ಡ ಗೆಡ್ಡೆ ನಡುತ್ತಾರೆ. ಅವರು ಅದನ್ನು ಬಬಾಯ್ ಅನ್ನುತ್ತಾರೆ, ಟುವಾಲುವಿನವರು ಪುಲಕ ಅನ್ನುತ್ತಾರೆ. ನೀರಿಗೆ ಉಪ್ಪು ಸೇರಿದರೆ ಎಲೆ ಹಳದಿ ಆಗುತ್ತದೆ, ಗೆಡ್ಡೆ ಕೊಳೆಯುತ್ತದೆ. ಈಗ ಸಮುದ್ರ ಏರುತ್ತಾ ದೊಡ್ಡ ಅಲೆ ಒಳಗೆ ನುಗ್ಗಿ ಇಂಥ ಗುಂಡಿಗಳು ಕೆಡುತ್ತಿವೆ. ಆ ಗುಂಡಿ ನೋಡಿಕೊಳ್ಳುವವರನ್ನು ಕೇಳದೆ ಅಲ್ಲಿ ನೀರಿನ ಯೋಜನೆ ಮಾಡುವುದು ತಪ್ಪು, ಇದು ನನ್ನ ಗಟ್ಟಿ ಅಭಿಪ್ರಾಯ. ರಾಜಧಾನಿ ತರಾವಾದ ಬೊನ್ರಿಕಿಯಲ್ಲಿ ಎಂಜಿನಿಯರುಗಳೂ ಕೊನೆಗೆ ಆಳ ಕೊರೆಯಲಿಲ್ಲ. ಅಡ್ಡಡ್ಡ ತೂತಿನ ಪೈಪು ಹೂತು, ಹಾಲಿನ ಕೆನೆ ತೆಗೆದ ಹಾಗೆ ಮೇಲಿನ ನೀರನ್ನಷ್ಟೇ ತೆಗೆಯುತ್ತಾರೆ. ಆದರೆ ಆ ಜಾಗವನ್ನು ನೀರಿಗೆ ಅಂತ ಮೀಸಲಿಟ್ಟಿದ್ದಕ್ಕೆ ಜಮೀನಿನವರ ಜೊತೆ ತಕರಾರು ವರ್ಷಗಟ್ಟಲೆ ನಡೆಯಿತು.

ಊಟದ ವಿಷಯವೂ ಇದೆ. ಪೆಸಿಫಿಕ್‌ನ ಎಷ್ಟೋ ದ್ವೀಪಗಳಲ್ಲಿ ಜೀಗುಜ್ಜೆಯ ಸಿಪ್ಪೆ ತೆಗೆದು, ಎಲೆ ಹಾಸಿದ ಗುಂಡಿಗೆ ಹಾಕಿ, ಹುಳಿ ಬರಿಸಿ ಮುಚ್ಚಿಡುತ್ತಾರೆ. ಚಂಡಮಾರುತ ಮರ ಕೆಡವಿ ಹೋದ ಮೇಲೆ ಅದೇ ಆಧಾರ. ಇದನ್ನು ಹೇಳುತ್ತಿದ್ದಾಗ ಯಜಮಾನರ ತಾಯಿ ಒಳಗಿಂದಲೇ, "ನಮ್ ಹಗೇವು ಇದ್ದಂಗೆ ಕಣಪ್ಪ" ಅಂದರು. ಅವರ ಮನೆ ಮುಂದೆ ಜೋಳ ತುಂಬಿಡುವ ಹಗೇವಿನ ಗುಂಡಿ ಇತ್ತಂತೆ, ರಸ್ತೆ ಮಾಡುವಾಗ ಮುಚ್ಚಿಹೋಯಿತಂತೆ.

ಹಾಗಂತ ಹಿರಿಯರ ತಿಳಿವಳಿಕೆಯೊಂದೇ ಸಾಕು ಅಂತ ನಾನು ಹೇಳುವುದಿಲ್ಲ. ನಮ್ಮ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಷ್ಟು ಅಪರೂಪದ್ದಕ್ಕೆ ಒಬ್ಬರ ನೆನಪು ಸಾಲದು, ಅಳತೆಯ ದಾಖಲೆ ಬೇಕೇ ಬೇಕು. ಸಮುದ್ರ ಈ ಪರಿ ಏರುವುದನ್ನಂತೂ ದ್ವೀಪದ ಯಾವ ಅಜ್ಜಿಯೂ ನೋಡಿರಲಿಲ್ಲ. ಫಿಜಿಯ ವುನಿದೊಗೊಲೋವ ಅನ್ನೋ ಹಳ್ಳಿ 2014ರಲ್ಲಿ ದಡ ಬಿಟ್ಟು ಒಳಗೆ, ತಮ್ಮದೇ ಕುಲದ ಜಮೀನಿಗೆ ಹೋಗಬೇಕಾಯಿತು. ಜಾಗ ಒಳ್ಳೆಯದೇ ಸಿಕ್ಕಿತು, ಹೊಸ ಮನೆಗಳಲ್ಲಿ ಮಾತ್ರ ಅಡುಗೆಮನೆಯೇ ಇರಲಿಲ್ಲ! ಅಡುಗೆ ಮಾಡುವವರನ್ನು ಒಂದು ಮಾತು ಕೇಳಿದ್ದರೆ ಹೀಗೆ ಆಗುತ್ತಿತ್ತಾ?

ಆ ದಿನ ನಾನು ನಾಲ್ಕನೇ ಬೋರಿಗೆ ಪಾಯಿಂಟ್ ಕೊಡಲಿಲ್ಲ. ಆ ಅಮ್ಮನನ್ನು ಮುಂದೆ ಬಿಟ್ಟು, ಹಳೇ ಗೋಕಟ್ಟೆ ಎಲ್ಲಿತ್ತು, ಹಳ್ಳ ಯಾವ ಕಡೆಯಿಂದ ಇಳಿಯುತ್ತಿತ್ತು, ಸೇದೋ ಬಾವಿ ಯಾವ ತಿಂಗಳಲ್ಲಿ ಬತ್ತುತ್ತಿತ್ತು ಅಂತ ಕೇಳುತ್ತಾ ಹೊಲ ಪೂರ್ತಿ ನಡೆದೆ. ಗೋಕಟ್ಟೆಯ ಜಾಗದಲ್ಲಿ ಈಗ ಅಡಿಕೆ ಸಸಿ ಇವೆ. ಅವನ್ನು ತೆಗೆದು ಕಟ್ಟೆ ಮತ್ತೆ ಮಾಡಿ ಅಂದಾಗ ಯಜಮಾನರು ತಕ್ಷಣ ಒಪ್ಪಲಿಲ್ಲ, ಮಗನ ಹತ್ತಿರ ಮಾತಾಡಿ ಹೇಳುತ್ತೇನೆ ಅಂದರು. ಅಮ್ಮ ಮಾತ್ರ ಕೋಲಿನಲ್ಲಿ ನೆಲದ ಮೇಲೆ ಕಟ್ಟೆಯ ಏರಿ ಎಲ್ಲಿತ್ತು ಅಂತ ಗೀರು ಎಳೆದು ತೋರಿಸಿದರು.