ಕಲ್ಲಿನ ದಂಡೆಯಲ್ಲಿ ಗಾಳ ಹತ್ತಿರವೇ ಬೀಳಲಿ

ಕಾರವಾರದಿಂದ ಸ್ವಲ್ಪ ದೂರ, ಎರಡು ಗುಡ್ಡಗಳ ಸಂದಿಯಲ್ಲಿ ಸಣ್ಣದೊಂದು ದಂಡೆ. ಅಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ಕೆಲವು ಲಿಂಬೆಹಣ್ಣಿನಷ್ಟು, ಕೆಲವು ಮುಷ್ಟಿಯಷ್ಟು. ಮೊದಲ ಸಲ ಹೋದಾಗ ನಾನು ಮೈಯ ಬಲವನ್ನೆಲ್ಲ ಹಾಕಿ ಗಾಳ ಬೀಸಿದೆ. ಒಂದು ಗಂಟೆಯಾದರೂ ದಾರ ಅಲುಗಲಿಲ್ಲ. ಹಿಂದೆ ಬಲೆ ಹೊಲಿಯುತ್ತಾ ಕೂತಿದ್ದ ಅಜ್ಜ ಕೇಳಿದರು, "ಅಷ್ಟು ದೂರ ಯಾಕೆ ಎಸೀತೀ ತಮ್ಮಾ? ಮೀನು ನಿನ್ನ ಕಾಲಡಿಗೇ ಬಂದಿದೆ." ಅವರು ಎಸೆದದ್ದು ಹದಿನೈದು ಅಡಿ ಇದ್ದರೆ ಹೆಚ್ಚು. ಅರ್ಧ ಗಂಟೆಯಲ್ಲಿ ಎರಡು ತಾಂಬುಸ ಬಂದವು.

ದೂರ ಎಸೆದಷ್ಟೂ ದೊಡ್ಡ ಮೀನು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಮೀನು ಬೀಳದಿದ್ದರೆ ದೃಷ್ಟಿ ತಾಗಿದೆ ಅಂತ ಗಾಳದ ಕೋಲಿಗೆ ಲಿಂಬೆ, ಮೆಣಸು ಕಟ್ಟುವವರನ್ನೂ ನೋಡಿದ್ದೇನೆ. ನನಗೆ ಬೇಸರವಾಗುವುದು ಅಲ್ಲೇ. ಉತ್ತರ ಕಾಲಡಿಯ ಕಲ್ಲಿನಲ್ಲೇ ಇದೆ.

ಶಿರಸಿ ಕಡೆಯ ನನಗೆ ಇದು ಅಡಿಕೆ ರಾಶಿಯಿಂದ ಅರ್ಥವಾಯಿತು. ಅಡಿಕೆ ರಾಶಿಯ ಮೇಲೆ ಒಂದು ಕೊಡ ನೀರು ಸುರಿಯಿರಿ. ಗಳಕ್ಕನೆ ಸಂದಿಗಳಲ್ಲಿ ಮಾಯ. ಅದೇ ನೀರನ್ನು ಸಗಣಿ ಸಾರಿಸಿದ ಅಂಗಳದಲ್ಲಿ ಸುರಿದರೆ? ಇಳಿಜಾರು ಹುಡುಕಿಕೊಂಡು ಹರಿಯುತ್ತದೆ, ದಾರಿಯಲ್ಲಿ ಸಿಕ್ಕ ದೂಳನ್ನೂ ಎಳೆದೊಯ್ಯುತ್ತದೆ. ನುಣುಪು ಮರಳಿನ ದಂಡೆ ಆ ಅಂಗಳದಂತೆ. ಅಲೆ ಮೇಲೆ ತಂದ ಮರಳನ್ನು ವಾಪಸು ಹೋಗುವ ನೀರು ಮತ್ತೆ ಕೆಳಗೆಳೆಯುತ್ತದೆ. ಕಲ್ಲಿನ ದಂಡೆ ಜರಡಿಯಂತೆ. ಅಲೆ ಕಲ್ಲನ್ನು ಮೇಲೆ ದೂಡುತ್ತದೆ, ನೀರು ಅಲ್ಲೇ ಇಂಗುತ್ತದೆ, ಎಳೆಯುವ ಶಕ್ತಿ ಹೆಚ್ಚು ಉಳಿಯುವುದಿಲ್ಲ. ಕಲ್ಲು ಮೇಲೇ ಕೂರುತ್ತದೆ. ಹೀಗೆ ಅಲೆ ಮೇಲೆ ಅಲೆ ಬಂದು ದಂಡೆ ಕಡಿದಾಗುತ್ತಾ ಹೋಗುತ್ತದೆ. ಕೊನೆಗೆ ಕಲ್ಲಿನ ಸ್ವಂತ ಭಾರವೂ ಉಳಿದ ನೀರಿನ ಎಳೆತವೂ ಸೇರಿ, ಮೇಲೆ ಬಂದಷ್ಟೇ ಕಲ್ಲನ್ನು ಕೆಳಗುರುಳಿಸುವ ಮಟ್ಟಕ್ಕೆ ಬಂದಾಗ ನಿಲ್ಲುತ್ತದೆ.

ಇದನ್ನು ತೊಟ್ಟಿಯಲ್ಲಿ ಅಲೆ ಎಬ್ಬಿಸಿ ಪರೀಕ್ಷೆ ಮಾಡಿದವರು ರಾಲ್ಫ್ ಬಗ್ನಾಲ್ಡ್. ಬ್ರಿಟಿಷ್ ಸೈನ್ಯದ ಎಂಜಿನಿಯರ್. ಸಹಾರಾ ಮರುಭೂಮಿಯಲ್ಲಿ ಕಾರು ಓಡಿಸಿ, ಗಾಳಿಗೆ ಮರಳು ಹಾರುವ ಬಗೆಯನ್ನು ಅಳೆದ ಮನುಷ್ಯ ಸಮುದ್ರದ ದಂಡೆಗೆ ಬಂದದ್ದೇ ಸೊಗಸು, ಅಲ್ವಾ? 1940ರಲ್ಲಿ ಅವರು ತೋರಿಸಿದ್ದು ಇಷ್ಟು: ದಂಡೆಯ ಇಳಿಜಾರು ಎಷ್ಟು ಎಂಬುದನ್ನು ನಿರ್ಧರಿಸುವುದು ಅಲೆಯ ಎತ್ತರಕ್ಕಿಂತ ಜಾಸ್ತಿ ಕಲ್ಲಿನ ಗಾತ್ರ. ಇಂಗ್ಲೆಂಡಿನ ಚೆಸಿಲ್ ದಂಡೆ ಸುಮಾರು 29 ಕಿಲೋಮೀಟರ್ ಉದ್ದ. ಅದರ ಒಂದು ತುದಿಯಲ್ಲಿ ಕಲ್ಲು ಬಟಾಣಿಯಷ್ಟು, ಇನ್ನೊಂದು ತುದಿಯಲ್ಲಿ ಆಲೂಗಡ್ಡೆಯಷ್ಟು. ಕತ್ತಲಲ್ಲಿ ದಡ ಸೇರಿದ ಮೀನುಗಾರರು ಕಲ್ಲು ಮುಟ್ಟಿ ನೋಡಿ ಎಲ್ಲಿದ್ದೇವೆಂದು ಹೇಳುತ್ತಿದ್ದರಂತೆ.

ಈಗ ಲೆಕ್ಕ ಹಾಕಿ. ನುಣುಪು ಮರಳಿನ ಇಳಿಜಾರು ಸುಮಾರು 3 ಡಿಗ್ರಿ. ಉರುಟು ಕಲ್ಲಿನದು 17ರ ಆಸುಪಾಸು. ನೀರಂಚಿನಿಂದ 5 ಮೀಟರ್ ಒಳಗೆ ಮರಳಿನಲ್ಲಿ ಆಳ ಒಂದು ಗೇಣಿಗಿಂತ ತುಸು ಜಾಸ್ತಿ. ಕಲ್ಲಿನಲ್ಲಿ ಒಂದೂವರೆ ಮೀಟರ್. ಮೀನಿಗೆ ಅಷ್ಟು ಆಳ ಸಾಕು. ಅಲೆ ಒಡೆದು ಕದಡಿದ ಏಡಿ, ಸಿಗಡಿ, ಹುಳು ಆ ಇಳಿಜಾರಿನ ಬುಡಕ್ಕೇ ಜಾರಿ ಸೇರುತ್ತವೆ. ಗಾಳ ಬೀಳಬೇಕಾದದ್ದು ಅಲ್ಲಿ.

ಹೊತ್ತು? ಉಬ್ಬರದ ಕೊನೆಯ ಎರಡು ಗಂಟೆ, ಅದರಲ್ಲೂ ಮುಸ್ಸಂಜೆ. ಅಮಾವಾಸ್ಯೆ ಎಂದು ಹೆದರಬೇಡಿ. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಉಬ್ಬರ ದೊಡ್ಡದಾಗುತ್ತದೆ, ಅಷ್ಟೇ. ಹೆದರಬೇಕಾದದ್ದು ಮಳೆಗಾಲಕ್ಕೆ. ಕಡಿದಾದ ದಂಡೆಯಲ್ಲಿ ಅಲೆ ದೂರದಲ್ಲಿ ಒಡೆದು ಸುಸ್ತಾಗುವುದಿಲ್ಲ, ನೇರ ಕಾಲ ಬುಡದಲ್ಲೇ ಬಡಿಯುತ್ತದೆ. ಕಲ್ಲು ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅತ್ತ ಹೋಗಲೇಬೇಡಿ. ಉಳಿದ ತಿಂಗಳಲ್ಲೂ ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ.

ದಾರ ಸುತ್ತುವಾಗ ಬೇಗ ಸುತ್ತಿ. ನಿಧಾನ ಮಾಡಿದರೆ ಸೀಸದ ಗುಂಡು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಆದರೆ ಮೀನು ಕಚ್ಚಿ ದಡದ ಹತ್ತಿರ ಬಂದಾಗ ಅವಸರ ಬೇಡ. ಕಿವಿ ಕೊಡಿ. ನೀರು ವಾಪಸು ಹೋಗುವಾಗ ಕಲ್ಲುಗಳು ಗರಗರ ಅನ್ನುತ್ತವೆ. ಆ ಸದ್ದು ಇರುವ ತನಕ ದಾರ ಬಿಗಿಯಾಗಿ ಹಿಡಿದು ಸುಮ್ನೆ ನಿಲ್ಲಿ. ಎಳೆದರೆ ತುಂಡಾಗುತ್ತದೆ. ಸದ್ದು ನಿಂತು ಮುಂದಿನ ಅಲೆ ಏಳುತ್ತದಲ್ಲ, ಆಗ ಅದರ ಜೊತೆಗೇ ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಮೀನನ್ನು ಅಲೆಯೇ ಹೊತ್ತು ತಂದು ಕಲ್ಲಿನ ಮೇಲೆ ಇಡುತ್ತದೆ.