ಉದುರುವ ಹಳೇ ಗೋಡೆಗೆ ಸಿಮೆಂಟ್ ಮೆತ್ತಬಹುದಾ?

ಪ್ರಶ್ನೆ: ಅಜ್ಜ ಕಟ್ಟಿಸಿದ ಇಟ್ಟಿಗೆ ಮನೆ. ತೇವ ಹಿಡಿದು ಗಾರೆ ಉದುರುತ್ತಿದೆ. ಕೆರೆದು ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ಸಾಕಾ? ಇಲ್ಲಾ ಕೆಡವಿ ಹೊಸದು ಕಟ್ಟೋದೇ ವಾಸಿನಾ?

ಸದ್ಯಕ್ಕೆ ಎರಡೂ ಬೇಡ.

ಹಳೇ ಗೋಡೆ ನೆಲದಿಂದ ನೀರು ಎಳೆದುಕೊಳ್ಳುತ್ತದೆ. ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳಿರುವುದರಿಂದ ಆ ತೇವ ಮೆಲ್ಲಗೆ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಮೆತ್ತಿದಿರೋ, ದಾರಿ ಮುಚ್ಚಿತು. ಮೊಣಕಾಲುದ್ದ ಇದ್ದ ತೇವ ಸೊಂಟದವರೆಗೆ ಏರುತ್ತದೆ. ನೀರಿನಲ್ಲಿದ್ದ ಉಪ್ಪು ಒಳಗೇ ಹರಳುಗಟ್ಟಿ ಪ್ಲಾಸ್ಟರನ್ನು ಹೊರಕ್ಕೆ ತಳ್ಳುತ್ತದೆ. ಬೆರಳಿನಿಂದ ಬಡಿದು ನೋಡಿ, ಟೊಳ್ಳು ಸದ್ದು ಬರುತ್ತದೆ. ಬೀಳುವಾಗ ಅದು ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಬೀಳುತ್ತದೆ.

ಮೊದಲು ನೀರಿನ ಮೂಲ ಹುಡುಕಿ. ಸೂರಿನ ಮಳೆನೀರು ಹರಿಯುವ ಒಡೆದ ದೋಣಿ, ಗೋಡೆಗೆ ತಾಗಿದ ಬಚ್ಚಲ ಮೋರಿ. ಹಳೇ ಪೇಟೆ ಬೀದಿಗಳಲ್ಲಿ ಇನ್ನೊಂದು ತಮಾಷೆ ಇದೆ: ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಜಗುಲಿಗಿಂತ ಎತ್ತರವಾಗಿರುತ್ತದೆ. ಆಗ ಎಂಥ ಪ್ಲಾಸ್ಟರ್ ಹಾಕಿದರೇನು!

ಆಮೇಲೆ ಗಾರೆ. ಅರಳಿಸಿದ ಸುಣ್ಣ, ಮರಳು, ಇಟ್ಟಿಗೆ ಪುಡಿ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುವುದೂ ಉಂಟು. ಹಿಂದೆ ಎತ್ತು ಕಟ್ಟಿ ಕಲ್ಲಿನ ಗಾಣದಲ್ಲಿ ಅರೆಯುತ್ತಿದ್ದರು. ಕೆಲಸ ನಿಧಾನ, ಬಲ್ಲ ಮೇಸ್ತ್ರಿಗಳು ಕಡಿಮೆ, ಕೂಲಿ ಜಾಸ್ತಿ. ಇದನ್ನು ಮುಚ್ಚಿಡುವುದು ಸರಿಯಲ್ಲ.

ಇನ್ನು ಕೆಡವುವ ಮಾತು. ಆ ಇಟ್ಟಿಗೆ ಸುಟ್ಟ ಸೌದೆ ಅಜ್ಜನ ಕಾಲದಲ್ಲೇ ಉರಿದುಹೋಗಿದೆ, ಅಲ್ವಾ? ಕೆಡವಿದರೆ ಆ ಇಟ್ಟಿಗೆಯೆಲ್ಲ ಲಾರಿಗಟ್ಟಲೆ ಕಸ. ಮತ್ತೆ ಹೊಸ ಸಿಮೆಂಟ್, ಹೊಸ ಕಬ್ಬಿಣ. ಸಿಮೆಂಟ್ ತಯಾರಿಗೆ ಗೂಡು ಸುಮಾರು 1,450 ಡಿಗ್ರಿ ಕಾಯಬೇಕು; ಸುಣ್ಣಕ್ಕೆ 900ರ ಆಸುಪಾಸು ಸಾಕು. ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7–8ರಷ್ಟು ಸಿಮೆಂಟಿನದು. ಸುಣ್ಣ ಸುಡುವಾಗಲೂ ಹೊಗೆ ಬರುತ್ತದೆ, ನಿಜ. ಆದರೆ ಗಾರೆ ಗಟ್ಟಿಯಾಗುತ್ತಾ ಒಂದಷ್ಟು ಇಂಗಾಲದ ಡೈಆಕ್ಸೈಡ್ ವಾಪಸ್ ಹೀರಿಕೊಳ್ಳುತ್ತದೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11.4 ಅಂತ ಒಂದಿದೆ, ಪರಂಪರೆಯನ್ನು ಉಳಿಸಿಕೊಳ್ಳಿ ಅನ್ನುತ್ತದೆ. ಅದು ಬರೀ ಹಂಪಿಗಲ್ಲ, ನಿಮ್ಮ ಜಗುಲಿಗೂ ಸೇರಿದ್ದು ಅಂತಲೇ ನಾನು ಓದಿಕೊಳ್ಳುತ್ತೇನೆ.

ಗೋಡೆಯಲ್ಲಿ ಬಿರುಕಿದ್ದರೆ ಮಾತ್ರ ಉದಾಸೀನ ಬೇಡ. ಅದರ ತುದಿಗೆ ಪೆನ್ಸಿಲ್‌ನಲ್ಲಿ ಗೀಟು ಹಾಕಿ ಪಕ್ಕದಲ್ಲಿ ತಾರೀಖು ಬರೆಯಿರಿ. ತಿಂಗಳು ಬಿಟ್ಟು ನೋಡಿ. ಬಿರುಕು ಗೀಟು ದಾಟಿದ್ದರೆ ಹಳೇ ಕಟ್ಟಡ ಗೊತ್ತಿರುವ ಎಂಜಿನಿಯರ್‌ಗೆ ತೋರಿಸಿ.