ಬಿಲ್ಲೆಯ ಅಂಚಿನಲ್ಲಿರುವ ಮಾತು

ಹಳೆಯ ಮನೆಗಳ ಸಂದೂಕಗಳಲ್ಲಿ ಸಿಕ್ಕ ನಾಣ್ಯಗಳನ್ನು ಪರೀಕ್ಷಿಸಿ, ಗುರುತಿಸಿ, ಬೆಲೆ ಹೇಳುವುದು ಕಲಬುರಗಿಯಲ್ಲಿ ನನ್ನ ವೃತ್ತಿ. ನಡುವೆ ತೂತಿರುವ ಕಂಚಿನ ಕಾಸನ್ನು ಮುಂದಿಟ್ಟು, “ಇದು ಗಂಜ್ ಪೇಟೆಯ ಯಾವ ಸಾಹುಕಾರರು ಹಾಕಿಸಿದ ಬಿಲ್ಲೆರೀ?” ಎಂದು ಕೇಳುವವರು ಬಹಳ. ಅದು ಚಿಲ್ಲರೆಗೆ ಬದಲಾಗಿ ವ್ಯಾಪಾರಿಗಳು ತಾವೇ ಹಾಕಿಸುವ ಬಿಲ್ಲೆಯಲ್ಲ, ಸರ್ಕಾರಿ ಟಂಕಸಾಲೆಯ ನಾಣ್ಯವೇ. ಎರಡನೆಯ ಮಹಾಯುದ್ಧದಲ್ಲಿ ಲೋಹ ಉಳಿಸುವುದಕ್ಕಾಗಿ ಬ್ರಿಟಿಷ್ ಸರ್ಕಾರವು 1943ರಿಂದ ಸುಮಾರು 2 ಗ್ರಾಂ ತೂಕದ ತೂತಿನ ಪೈಸೆಯನ್ನು ಹೊರಡಿಸಿತು. ಅದಕ್ಕೂ ಮೊದಲಿನ, ಅಷ್ಟೇ ಬೆಲೆಯ ಕಾಲಾಣೆ ಸುಮಾರು 4.8 ಗ್ರಾಂ ತೂಗುತ್ತಿತ್ತು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗದಲ್ಲಿ ಚಲಾವಣೆಯಲ್ಲಿದ್ದ, ‘ಹಾಲಿ ಸಿಕ್ಕಾ’ ಎಂಬ ನಿಜಾಮರದೇ ಹಣದ ಎರಡು ಪೈ ನಾಣ್ಯಕ್ಕೂ ಆ ವರ್ಷಗಳಲ್ಲೇ ತೂತು ಬಿತ್ತು.

ವ್ಯಾಪಾರಿಯ ಬಿಲ್ಲೆ ಹುಟ್ಟುವುದು ಸರ್ಕಾರದ ಚಿಲ್ಲರೆ ಪೇಟೆಯಿಂದಲೇ ಮಾಯವಾದಾಗ. ಅಮೆರಿಕದ ಅಂತರ್ಯುದ್ಧದಲ್ಲಿ, 1861ರ ಕೊನೆಗೆ ಬ್ಯಾಂಕುಗಳು ನೋಟಿಗೆ ಪ್ರತಿಯಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿದ ಮೇಲೆ, ಜನರು ಮೊದಲು ಚಿನ್ನವನ್ನು, ಬಳಿಕ ಬೆಳ್ಳಿಯನ್ನು, ಕಡೆಗೆ ಒಂದು ಸೆಂಟಿನ ನಾಣ್ಯವನ್ನೂ ಬಚ್ಚಿಟ್ಟರು. ಅಂಚೆಚೀಟಿಯನ್ನು ಚಿಲ್ಲರೆಯಾಗಿ ಕೊಟ್ಟರೆ ಕೈಗೆ ಅಂಟುತ್ತಿತ್ತು. ಅದನ್ನು ಅಭ್ರಕದ ಹಾಳೆ ಹೊದಿಸಿ ಹಿತ್ತಾಳೆಯ ಚೌಕಟ್ಟಿನಲ್ಲಿ ಕೂರಿಸುವ ವಿಧಾನಕ್ಕೆ ಜಾನ್ ಗಾಲ್ಟ್ 1862ರಲ್ಲಿ ಪೇಟೆಂಟ್ ಪಡೆದರು. ಅಂಗಡಿಕಾರರಾದರೋ ತಮ್ಮ ಹೆಸರು ಒತ್ತಿಸಿದ, ಸೆಂಟಿನ ಗಾತ್ರದ ಬಿಲ್ಲೆಗಳನ್ನೇ ಹೊರತಂದರು.

ಇಲ್ಲಿಯೇ ನಾನು ಗ್ರಾಹಕರನ್ನು ನಿಲ್ಲಿಸಿ ಹೇಳುವುದುಂಟು: ಬಿಲ್ಲೆಯಲ್ಲಿ ನೋಡಬೇಕಾದದ್ದು ಲೋಹವನ್ನಲ್ಲ, ಮರಳಿ ತಂದರೆ ಹಣ ಕೊಡುವವರು ಯಾರು ಎಂಬುದನ್ನು. ನ್ಯೂಯಾರ್ಕಿನ ಮದ್ಯದಂಗಡಿಕಾರ ಲಿಂಡನ್‌ಮುಲ್ಲರ್ ಲಕ್ಷಗಟ್ಟಲೆ ಬಿಲ್ಲೆ ಹಂಚಿದ್ದ. ಪ್ರಯಾಣಿಕರಿಂದ ಅವನ್ನು ಪಡೆದಿದ್ದ ಥರ್ಡ್ ಅವೆನ್ಯೂ ರೈಲ್ರೋಡ್ ಕಂಪನಿಯು ಹಣಕ್ಕೆ ಬದಲಾಯಿಸಿಕೊಡುವಂತೆ ಕೇಳಿದಾಗ ಆತ ಒಪ್ಪಲಿಲ್ಲ, ಕಂಪನಿಗೆ ಬೇರೆ ದಾರಿಯೂ ಇರಲಿಲ್ಲ. ಇದು ಆ ವ್ಯವಸ್ಥೆಯ ನಿಜವಾದ ದೌರ್ಬಲ್ಯ ಎಂಬುದು ನನ್ನ ದೃಢ ಅಭಿಪ್ರಾಯ. 1864ರ ಏಪ್ರಿಲ್‌ನಲ್ಲಿ ಸರ್ಕಾರವು ಹಗುರವಾದ ಕಂಚಿನ ಸೆಂಟನ್ನು ತಂದು, ಜೂನ್‌ನಲ್ಲಿ ಖಾಸಗಿ ನಾಣ್ಯಗಳನ್ನು ಪೂರ್ತಿಯಾಗಿ ನಿಷೇಧಿಸಿತು.

ಇದಕ್ಕೆ ಎದುರಾಗಿ, ಯುದ್ಧಕಾಲದ್ದಲ್ಲದಿದ್ದರೂ ಚಿಲ್ಲರೆಯ ಬರದಲ್ಲೇ ಹುಟ್ಟಿದ, ವೇಲ್ಸ್‌ನ ಪ್ಯಾರಿಸ್ (Parys) ಎಂಬ ಹೆಸರಿನ ತಾಮ್ರದ ಗಣಿಯ 1787ರ ಪೆನ್ನಿ ನನಗೆ ಬಹಳ ಪ್ರಿಯ. ತಂದವರಿಗೆ ಒಂದು ಪೆನ್ನಿ ಕೊಡುತ್ತೇವೆ ಎಂಬ ವಚನ ಅದರ ಒಂದು ಬದಿಯಲ್ಲಿದ್ದರೆ, ಲಂಡನ್, ಲಿವರ್‌ಪೂಲ್, ಆಂಗ್ಲ್‌ಸಿ ಎಂದು ಹಣ ಸಿಗುವ ಊರುಗಳು ಅಂಚಿನಲ್ಲಿವೆ.

ಆದ್ದರಿಂದ ಇಂಥ ಬಿಲ್ಲೆ ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ತಿಕ್ಕಿದರೆ ಅಂಚಿನ ಅಕ್ಷರಗಳೂ ಸವೆಯುತ್ತವೆ.